ಸೆರಾಮಿಕ್ ಗ್ರಿಲ್ಲಿಗೆ ಮೇಲಂತಸ್ತಿನ ಜಾಲರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮಲ್ಲಿ ಮೊಟ್ಟೆಯಾಕಾರದ ಸೆರಾಮಿಕ್ ಗ್ರಿಲ್ ಇದೆ. ಅದರ ಜಾಲರಿಯ ಅಗಲ 18 ಇಂಚು. ಮನೆಯವರಿಗಷ್ಟೇ ಆದರೆ ಅದು ಸಾಕು. ಆದರೆ ಹಬ್ಬದ ಕರಿಯ ದಿನ ಬೀಗರು, ನೆಂಟರು ಸೇರಿದಾಗ ಎರಡು ಮೂರು ಸರದಿಯಲ್ಲಿ ಬೇಯಿಸಬೇಕಾಗುತ್ತದೆ; ಕೊನೆಯದು ಬೇಯುವಷ್ಟರಲ್ಲಿ ಮೊದಲನೆಯದು ಆರಿ ಹೋಗಿರುತ್ತದೆ. ಕೋಳಿಯ ಕಾಲುಗಳಂತೂ ಹೊರಗೆ ಕಪ್ಪಾದರೂ ಎಲುಬಿನ ಬಳಿ ಹಸಿಯಾಗಿಯೇ ಉಳಿಯುತ್ತವೆ. ಹೊರದೇಶದಿಂದ ಬರುವ ಎರಡಂತಸ್ತಿನ ಜಾಲರಿ ಬಹಳ ದುಬಾರಿ. ಉದ್ಯಮಬಾಗದಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯರೊಬ್ಬರು ಜಿ.ಐ. ಕಂಬಿಯಿಂದ ಮೂರು ಕಾಲಿನ ಸ್ಟ್ಯಾಂಡ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಎಷ್ಟು ಎತ್ತರ, ಎಷ್ಟು ಅಗಲ ಇರಬೇಕು? ಜಿ.ಐ. ಕಂಬಿ ನಡೆಯುತ್ತದೆಯೇ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ. ಜಾಗ ಸಾಲದು ಎಂಬುದು ಒಂದು, ಕೋಳಿ ಹೊರಗೆ ಸುಟ್ಟು ಒಳಗೆ ಹಸಿಯಾಗಿ ಉಳಿಯುತ್ತದೆ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು, ಮತ್ತು ಮೇಲಂತಸ್ತಿನ ಜಾಲರಿಯ ನಿಜವಾದ ಪ್ರಯೋಜನವೂ ಅಲ್ಲಿಯೇ ಇದೆ. ಆದ್ದರಿಂದ ಮೊದಲು ಎತ್ತರವನ್ನು ಗೊತ್ತುಮಾಡಿಕೊಳ್ಳಿ, ಅಗಲದ ಲೆಕ್ಕ ಆಮೇಲೆ ಬರಲಿ.

ಈ ಗ್ರಿಲ್ಲಿನ ಒಳಗೆ ಪದಾರ್ಥಕ್ಕೆ ಶಾಖ ಮೂರು ದಾರಿಯಿಂದ ಬರುತ್ತದೆ. ಕೆಳಗಿನ ಕೆಂಡದಿಂದ ನೇರವಾಗಿ ಹೊಮ್ಮುವ ಶಾಖ ಮೊದಲನೆಯದು. ಕೆಳಗಿನ ಗಾಳಿಕಿಂಡಿಯಿಂದ ಒಳಬಂದು, ಕೆಂಡದ ನಡುವೆ ಹಾಯ್ದು, ಮೇಲಿನ ಕಿಂಡಿಯಿಂದ ಹೊರಹೋಗುವ ಬಿಸಿಗಾಳಿ ಎರಡನೆಯದು. ದಪ್ಪ ಸೆರಾಮಿಕ್ ಗುಮ್ಮಟವು ತಾನೇ ಕಾದು ಮೇಲಿನಿಂದ ಮರಳಿ ಕೊಡುವ ಶಾಖ ಮೂರನೆಯದು. ಹೆಚ್ಚಿನ ಮಾದರಿಗಳಲ್ಲಿ ಮೂಲ ಜಾಲರಿಯು ಮುಚ್ಚಳ ಕೂಡುವ ಅಂಚಿಗಿಂತ ಕೆಳಗೆ, ಕೆಂಡಕ್ಕೆ ಹತ್ತಿರವಾಗಿ ಇರುತ್ತದೆ. ಅಲ್ಲಿ ಮೊದಲನೆಯ ಶಾಖದ್ದೇ ಮೇಲುಗೈ. ತೆಳುವಾದ ಮೀನಿನ ತುಂಡಿಗೆ, ಬೇಗ ಮುಗಿಯುವ ಕಬಾಬಿಗೆ ಅದು ಒಳ್ಳೆಯದೇ. ಆದರೆ ದಪ್ಪವಾದ ಕೋಳಿಯ ಕಾಲಿನಲ್ಲಿ ಶಾಖವು ಎಲುಬಿನವರೆಗೆ ಇಳಿಯಲು ಹೊತ್ತು ಬೇಕು, ಆ ಹೊತ್ತಿನೊಳಗೆ ಚರ್ಮ ಕರಕಲಾಗಿರುತ್ತದೆ. ಅದೇ ಕಾಲನ್ನು ಅಂಚಿನ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಮೇಲಕ್ಕೋ ಏರಿಸಿದರೆ ಕೆಂಡದ ನೇರ ಶಾಖ ಕಡಿಮೆಯಾಗುತ್ತದೆ, ಗುಮ್ಮಟದ ಶಾಖ ಹೆಚ್ಚುತ್ತದೆ. ಎರಡೂ ಕಡೆಯಿಂದ ಸಮನಾಗಿ ಬೇಯುವುದರಿಂದ ಪದೇ ಪದೇ ತಿರುವಿ ಹಾಕುವ ಕೆಲಸವೂ ತಪ್ಪುತ್ತದೆ. ಗುಮ್ಮಟದ ಮಾಪಕ 180ರಿಂದ 200 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿರುವಾಗ ಮೇಲಿನ ಜಾಲರಿಯಲ್ಲಿಟ್ಟ ಕಾಲುಗಳು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಬೆಂದಿರುತ್ತವೆ. ಬೆಂದಿದೆ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ಚುಚ್ಚುವ ಮಾಪಕವನ್ನು ಎಲುಬಿಗೆ ತಾಗದಂತೆ ದಪ್ಪ ಭಾಗಕ್ಕೆ ಇಳಿಸಿದಾಗ 74 ಡಿಗ್ರಿ ದಾಟಿರಬೇಕು.

ನಿಮ್ಮ ಅಳತೆಯ ಗ್ರಿಲ್ಲಿಗೆ ಕೆಳಗಿನ ಜಾಲರಿಯಿಂದ 10 ಸೆಂ.ಮೀ. ಎತ್ತರ ಒಳ್ಳೆಯ ಆರಂಭ. ಇದಕ್ಕಿಂತ ತಗ್ಗಾದರೆ ಕೆಳಗೆ ರೊಟ್ಟಿಯಷ್ಟು ಚಪ್ಪಟೆಯಾದದ್ದನ್ನು ಬಿಟ್ಟು ಬೇರೇನನ್ನೂ ಇಡಲಾಗದು, ಮೇಲಿಟ್ಟದ್ದಕ್ಕೂ ಎತ್ತರದ ಲಾಭ ಸಿಗದು. ತೀರ ಎತ್ತರವಾದರೆ ಗುಮ್ಮಟ ಒಳಕ್ಕೆ ಬಾಗುವುದರಿಂದ ಮೇಲಿನ ಜಾಲರಿಯನ್ನು ಕಿರಿದಾಗಿಸಬೇಕಾಗುತ್ತದೆ. ಲೋಹವನ್ನು ಕತ್ತರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಗ್ರಿಲ್ ತಣ್ಣಗಿರುವಾಗ, ದಪ್ಪ ರಟ್ಟಿನಲ್ಲಿ ವೃತ್ತವೊಂದನ್ನು ಕತ್ತರಿಸಿ, ಒಂದೇ ಎತ್ತರದ ಲೋಟಗಳ ಮೇಲೆ ಕೂರಿಸಿ. ಅದರ ಮೇಲೆ ನೀವು ಬೇಯಿಸಲಿರುವ ಪದಾರ್ಥದಷ್ಟು ಎತ್ತರಕ್ಕೆ ಗೋಧಿ ಹಿಟ್ಟಿನ ಕಣಕದ ಉಂಡೆಗಳನ್ನು ನಡುವೆ ಒಂದು, ಅಂಚಿನ ಸುತ್ತ ನಾಲ್ಕು ಇಟ್ಟು ಮುಚ್ಚಳವನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಯಾವ ಉಂಡೆ ಅದುಮಿದೆಯೋ ಅಲ್ಲಿ ಜಾಗ ಸಾಲದು ಎಂದರ್ಥ. ಗುಮ್ಮಟದ ಮುಂಭಾಗದಿಂದ ಒಳಕ್ಕೆ ಚಾಚಿರುವ ಮಾಪಕದ ಕಡ್ಡಿಯನ್ನು ಬಹಳ ಜನ ಮರೆಯುತ್ತಾರೆ. ಮುಚ್ಚಳ ಮೇಲೇಳುವಾಗ ಆ ಕಡ್ಡಿ ಹಿಂದಕ್ಕೆ ಕಮಾನಿನಂತೆ ಚಲಿಸುತ್ತದೆ, ಆಗ ಅದರ ಹಿಂದೆ ಎತ್ತರವಾದ ಪದಾರ್ಥವಿದ್ದರೆ ಎಳೆದು ಉರುಳಿಸಿಬಿಡುತ್ತದೆ. ಕಣಕದ ಮೇಲೆ ಗೀರು ಮೂಡಿದ್ದರೆ ಅದು ಕಡ್ಡಿಯದೇ ಗುರುತು.

ಅಗಲದ ವಿಷಯಕ್ಕೆ ಬರೋಣ. ನಿಮ್ಮ 18 ಇಂಚಿನ, ಅಂದರೆ ಸುಮಾರು 46 ಸೆಂ.ಮೀ. ಜಾಲರಿಯ ವಿಸ್ತೀರ್ಣ 1,660 ಚದರ ಸೆಂ.ಮೀ. ಮೇಲಿನದು 36 ಸೆಂ.ಮೀ. ಅಗಲವಿದ್ದರೆ ಇನ್ನೊಂದು ಸಾವಿರ ಚದರ ಸೆಂ.ಮೀ.ಗೂ ಸ್ವಲ್ಪ ಹೆಚ್ಚು ಸಿಗುತ್ತದೆ, ಅಂದರೆ ಈಗಿರುವ ಜಾಗದ ಶೇಕಡಾ 60ರಷ್ಟು. ಇಷ್ಟಕ್ಕೆ ತೃಪ್ತರಾಗಿ. ಇನ್ನೂ ಅಗಲ ಮಾಡಿದರೆ ಸುತ್ತಲೂ ಬಿಸಿಗಾಳಿ ಏರಲು ದಾರಿ ಉಳಿಯುವುದಿಲ್ಲ, ಬೆಂಕಿ ಮಂಕಾಗುತ್ತದೆ. ಕೆಳಗಿನ ಪದಾರ್ಥವನ್ನು ತಿರುವಿ ಹಾಕಲು ಇಕ್ಕಳ ಸೇರಿಸಲೂ ಆಗುವುದಿಲ್ಲ. ಮೇಲಿನ ಜಾಲರಿಯನ್ನು ಪೂರ್ಣ ವೃತ್ತವಾಗಿ ಮಾಡದೆ, ಮುಂಭಾಗದಲ್ಲಿ ಒಂದು ಪಾಲು ಕತ್ತರಿಸಿ ತೆಗೆಯುವುದೇ ನನಗೆ ಹೆಚ್ಚು ಸರಿ ಎನಿಸುತ್ತದೆ. ಆ ತೆರವಿನಲ್ಲಿ ಕೈಯಾಡುತ್ತದೆ, ಮುಚ್ಚಳ ತೆರೆದಿಟ್ಟುಕೊಂಡು ನಿಲ್ಲುವ ಹೊತ್ತೂ ಕಡಿಮೆಯಾಗುತ್ತದೆ. ಹಾಗೆಯೇ ಜಾಲರಿಯನ್ನು ಸೆರಾಮಿಕ್ ಗೋಡೆಗೆ ಬಿಗಿಯಾಗಿ ಸಿಕ್ಕಿಸುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. 36 ಸೆಂ.ಮೀ. ಅಗಲದ ಸ್ಟೇನ್‌ಲೆಸ್ ಸ್ಟೀಲ್ 250 ಡಿಗ್ರಿಯಷ್ಟು ಬಿಸಿ ಏರಿದಾಗ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ, ಸೆರಾಮಿಕ್ ಅಷ್ಟು ಹಿಗ್ಗುವುದಿಲ್ಲ. ಗೋಡೆ ಬಿರುಕು ಬಿಡಲು ಅಷ್ಟೇ ಸಾಕು.

ಕಾಲುಗಳು ಮೂರೋ ನಾಲ್ಕೋ? ಮೂರು ಕಾಲಿನದು ಎಂಥ ನೆಲದ ಮೇಲೂ ಅಲುಗಾಡುವುದಿಲ್ಲ ಎಂಬ ಮಾತು ನಿಜ, ಆದರೆ ಅಲುಗಾಡದೆ ಇರುವುದು ಬೇರೆ, ಮಗುಚದೆ ಇರುವುದು ಬೇರೆ. ಕಾಲುಗಳು ನಡುವಿನಿಂದ 16 ಸೆಂ.ಮೀ. ದೂರದಲ್ಲಿವೆ ಎಂದುಕೊಳ್ಳಿ. ಮೂರು ಕಾಲುಗಳನ್ನು ಗೆರೆಯಿಂದ ಸೇರಿಸಿದರೆ ಆ ತ್ರಿಕೋನದ ಬದಿಯು ನಡುವಿನಿಂದ 8 ಸೆಂ.ಮೀ. ದೂರದಲ್ಲೇ ಹಾದುಹೋಗುತ್ತದೆ, ಭಾರ ಆ ಗೆರೆಯ ಹೊರಗೆ ಹೆಚ್ಚಾದರೆ ಜಾಲರಿ ವಾಲುತ್ತದೆ. ನಾಲ್ಕು ಕಾಲುಗಳಿದ್ದರೆ ಅದೇ ದೂರ 11 ಸೆಂ.ಮೀ.ಗೂ ಹೆಚ್ಚು. ಕೋಳಿಯ ಕಾಲುಗಳನ್ನು ಒಂದು ಬದಿಯಿಂದ ಒಂದೊಂದಾಗಿ ತೆಗೆಯುತ್ತಿರುವಾಗ ಈ 3 ಸೆಂ.ಮೀ. ಬಹಳ ದೊಡ್ಡದು. ನಾಲ್ಕು ಕಾಲಿನ ಅಲುಗಾಟವನ್ನು ಬೋಲ್ಟಿನ ನಟ್ಟನ್ನು ಅರ್ಧ ಸುತ್ತು ತಿರುಗಿಸಿ ಸರಿಪಡಿಸಬಹುದಾದ್ದರಿಂದ, ಬೋಲ್ಟುಗಳನ್ನೇ ಕಾಲುಗಳಾಗಿ ಬಳಸುವ ಪಕ್ಷದಲ್ಲಿ ನಾಲ್ಕನ್ನೇ ಹಾಕಿಸಿ.

ಜಿ.ಐ. ಕಂಬಿ ಮಾತ್ರ ಬೇಡವೇ ಬೇಡ. ಕಬ್ಬಿಣದ ಮೇಲಿನ ಆ ಹೊಳಪು ಸತುವಿನದು. ಸತು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ, 907 ಡಿಗ್ರಿಯಲ್ಲಿ ಕುದಿಯುತ್ತದೆ. ಮೇಲಿನ ಜಾಲರಿ ಅಷ್ಟು ಕಾಯುವುದಿಲ್ಲ ಎಂದು ನಿಮ್ಮ ಗೆಳೆಯರು ವಾದಿಸಬಹುದು. ಆದರೆ ಸ್ಟ್ಯಾಂಡಿನ ಕಾಲುಗಳು ಕೆಂಡದ ನೇರ ಮೇಲೆ ನಿಲ್ಲುತ್ತವೆ, ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದಾಗ ಅವುಗಳಿಗೇ ನಾಟುತ್ತದೆ. ಸತುವಿನ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ ಎಂಬುದನ್ನು ಜಿ.ಐ. ಪೈಪಿಗೆ ವೆಲ್ಡಿಂಗ್ ಮಾಡುವವರೆಲ್ಲ ಬಲ್ಲರು. ಬಿಸಿಯ ಮಾತು ಬಿಟ್ಟರೂ, ಮೊಸರು ಮತ್ತು ನಿಂಬೆರಸದಲ್ಲಿ ನೆನೆಸಿದ ಮಾಂಸ ತಾಗಿದರೆ ಹುಳಿಗೆ ಸತು ಕರಗಿ ಊಟಕ್ಕೆ ಸೇರುತ್ತದೆ. ಯಾವ ಲೇಪನವೂ ಇಲ್ಲದ ಕಪ್ಪು ಕಬ್ಬಿಣದ ಕಂಬಿ ಇದಕ್ಕಿಂತ ಎಷ್ಟೋ ವಾಸಿ. ಪ್ರತಿ ಸಲ ಎಣ್ಣೆ ಸವರಿ ಇಡದಿದ್ದರೆ ತುಕ್ಕು ಹಿಡಿಯುತ್ತದೆ ಎಂಬುದೊಂದೇ ಅದರ ದೋಷ.

ಎಲ್ಲಕ್ಕಿಂತ ಒಳ್ಳೆಯದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಉಪ್ಪು ಮತ್ತು ಬೂದಿಯ ಸಹವಾಸದಲ್ಲಿ ಅದು ಬೇಗ ಕಲೆಗಟ್ಟುತ್ತದೆ. ಆಯಸ್ಕಾಂತ ಹಿಡಿದು ಎರಡನ್ನೂ ಬೇರ್ಪಡಿಸಬಹುದು ಎಂಬ ನಂಬಿಕೆ ಎಲ್ಲ ಕಡೆ ಇದೆ; ಅದು ಸರಿಯಲ್ಲ, ಏಕೆಂದರೆ ಎರಡೂ ದರ್ಜೆಗಳಿಗೆ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಕಂಬಿಯಾದರೆ ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ, ಅಥವಾ ದರ್ಜೆ ಪರೀಕ್ಷಿಸುವ ದ್ರಾವಣವನ್ನು ಒಂದು ಹನಿ ಹಾಕಿ ನೋಡುವಂತೆ ಅಂಗಡಿಯವರನ್ನು ಕೇಳಿ. ಬೋಲ್ಟಾದರೆ ತಲೆಯ ಮೇಲೆ ಎ2-70 ಎಂದು ಒತ್ತಿರುವುದನ್ನು ನೋಡಿ ಕೊಳ್ಳಿ, ಅದು 304ಕ್ಕೆ ಸಮನಾದ ಗುರುತು.

ಜೋಡಿಸುವುದು ಕಷ್ಟವಲ್ಲ. ಈ ಗ್ರಿಲ್ಲುಗಳ ಮೂಲ ಜಪಾನಿನ ಕಮಾದೊ ಒಲೆಯಾದರೂ, ಇಂದಿನ ರೂಪದಲ್ಲಿ ಅವು ಹರಡಿದ್ದು ಅಮೆರಿಕದ ತಯಾರಕರಿಂದ. ಆದ್ದರಿಂದ ಹೊರಗಿನಿಂದ ಬರುವ ಸೂಚನೆಗಳಲ್ಲಿ ಕಾಲಿಂಚಿನ ಬೋಲ್ಟು ಎಂದಿರುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಎಂ6 ಬೋಲ್ಟು, ಅದು ಸಾಕು. ಆದರೆ ಇಂಚಿನ ನಟ್ಟನ್ನು ಮಿಲಿಮೀಟರ್ ಬೋಲ್ಟಿಗೆ ಒತ್ತಾಯದಿಂದ ಹಾಕಬೇಡಿ. 12 ಸೆಂ.ಮೀ. ಉದ್ದದ, ಪೂರ್ತಿ ಮರೆ (ತಿರುಪಿನ ಸುತ್ತುಗೆರೆ) ಇರುವ ನಾಲ್ಕು ಬೋಲ್ಟುಗಳನ್ನು ತಲೆ ಕೆಳಗಾಗಿ ನಿಲ್ಲಿಸಿ, ಮೇಲಿನ ಜಾಲರಿಯ ಎರಡು ಕಂಬಿಗಳ ನಡುವಿನ ಸಂದಿಯಲ್ಲಿ ತೂರಿಸಿ, ಕಂಬಿಗಳ ಕೆಳಗೊಂದು ಮೇಲೊಂದು ದೊಡ್ಡ ವಾಷರ್ ಇಟ್ಟು ಎರಡೂ ಕಡೆಯಿಂದ ನಟ್ಟು ಬಿಗಿಯಿರಿ. ಮೇಲೆ ಚಾಚಿಕೊಂಡ ತುದಿಯನ್ನು ಕತ್ತರಿಸಿ ಉಜ್ಜಿಸಿ. ಬುಡದಲ್ಲಿಯೂ ಕೆಳಗಿನ ಜಾಲರಿಯ ಸಂದಿಗಿಂತ ಅಗಲವಾದ ವಾಷರ್ ಬೇಕು, ಇಲ್ಲವಾದರೆ ಬೋಲ್ಟಿನ ತಲೆ ಕಂಬಿಗಳ ನಡುವೆ ಜಾರಿ ಇಳಿಯುತ್ತದೆ. ಸ್ಟೇನ್‌ಲೆಸ್ ನಟ್ಟು ಬೋಲ್ಟುಗಳು ಬೇಗಬೇಗನೆ ತಿರುಗಿಸಿದರೆ ಮರೆ ಕಚ್ಚಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಡುತ್ತವೆ. ಒಂದು ಹನಿ ಅಡುಗೆ ಎಣ್ಣೆ ಹಾಕಿ ನಿಧಾನವಾಗಿ ಬಿಗಿಯಿರಿ. ನಿಮ್ಮ ಗೆಳೆಯರು ಬೆಸುಗೆಯನ್ನೇ ಇಷ್ಟಪಟ್ಟರೆ 8 ಮಿ.ಮೀ. ಕಂಬಿಗೆ ಆರ್ಗಾನ್ ವೆಲ್ಡಿಂಗ್ ಮಾಡಲಿ, 304ಕ್ಕೆ ಹೊಂದುವ 308 ದರ್ಜೆಯ ತಂತಿ ಬಳಸಲಿ, ಬೆಸುಗೆಯ ಸುತ್ತಲಿನ ಕಪ್ಪನ್ನು ಬಫಿಂಗ್ ಮಾಡಿ ತೆಗೆಯಲಿ.

ಬೆಳಗಾವಿಯಲ್ಲಿ ಎರಕದ ಕೆಲಸಕ್ಕೆ ಇರುವಷ್ಟು ಕೈಗಳು ಬೇರೆ ಕಡೆ ಸಿಗುವುದು ಕಷ್ಟ, ಹಾಗಾಗಿ ಬೀಡಿನ, ಅಂದರೆ ಎರಕದ ಕಬ್ಬಿಣದ, ಜಾಲರಿ ಹೊಯ್ಯಿಸೋಣ ಎಂಬ ಆಸೆ ನಿಮಗೆ ಬಂದೇ ಬರುತ್ತದೆ. ಬೀಡು ಕೆಳಗಿನ ಅಂತಸ್ತಿಗೆ ಬಹಳ ಒಳ್ಳೆಯದು. ಕಾದು ನಿಂತು ಮಾಂಸಕ್ಕೆ ಗಾಢವಾದ ಗೆರೆ ಹಾಕುವುದು ಅದರ ಗುಣ. ಮೇಲಿನ ಅಂತಸ್ತಿನ ಕೆಲಸವೇ ಬೇರೆ, ಅಲ್ಲಿ ಆ ಭಾರ ಅನವಶ್ಯಕ.

ಇನ್ನೊಂದು ಎಚ್ಚರಿಕೆ. ಎರಡಂತಸ್ತು ಬಂದ ಮೇಲೆ ಮುಚ್ಚಳವನ್ನು ತೆರೆಯುವ ಸಂದರ್ಭಗಳು ಹೆಚ್ಚುತ್ತವೆ. ಗಾಳಿ ಕಡಿಮೆ ಬಿಟ್ಟು ಕಾಯಿಸಿದ ಗ್ರಿಲ್ಲನ್ನು ಒಮ್ಮೆಲೇ ತೆರೆದರೆ ಒಳಗೆ ಉರಿಯದೆ ನಿಂತಿದ್ದ ಅನಿಲಕ್ಕೆ ಗಾಳಿ ಸಿಕ್ಕಿ ಜ್ವಾಲೆ ಮುಖಕ್ಕೆ ಎರಗುತ್ತದೆ. ಮೊದಲು ಎರಡು ಮೂರು ಬೆರಳಷ್ಟು ಎತ್ತಿ, ಕೆಲವು ಕ್ಷಣ ತಡೆದು, ಆಮೇಲೆ ಪೂರ್ತಿ ತೆರೆಯಿರಿ. ಮಕ್ಕಳು ಹತ್ತಿರದಲ್ಲಿದ್ದರೆ ಅವರನ್ನು ಮೊದಲು ದೂರ ಕಳಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅತ್ತೆಯವರು ಶುದ್ಧ ಸಸ್ಯಾಹಾರಿ, ಉಳಿದವರು ಮಾಂಸ ತಿನ್ನುತ್ತೇವೆ. ಸೆರಾಮಿಕ್ ಗ್ರಿಲ್ಲಿಗೆ ಎರಡನೆಯ ಜಾಲರಿ ತರಿಸಿದ್ದೇವೆ. ಮೇಲೆ ಬದನೆಕಾಯಿ, ಗೋವಿನಜೋಳ, ಕೆಳಗೆ ಕೋಳಿ ಇಟ್ಟರೆ ಎರಡೂ ಬೇರೆ ಬೇರೆಯಾಗಿಯೇ ಬೇಯುತ್ತವೆ ಅಲ್ಲವೇ? ಮುಚ್ಚಳದ ಮಾಪಕ ತೋರಿಸುವ ಬಿಸಿ ಯಾವ ಜಾಲರಿಯದು?
— ಓದುಗರು, ವಿಜಯಪುರ

ಉತ್ತರ: ಮೇಲಿನಿಂದ ಕೆಳಕ್ಕೆ ತೊಟ್ಟಿಕ್ಕುವುದನ್ನು ಮಾತ್ರ ನೋಡಿದರೆ ನಿಮ್ಮ ಜೋಡಣೆ ಸರಿ. ಹಸಿ ಕೋಳಿ ಮೇಲೆ, ತರಕಾರಿ ಕೆಳಗೆ ಇಡುವುದಂತೂ ಆರೋಗ್ಯದ ದೃಷ್ಟಿಯಿಂದಲೇ ತಪ್ಪು, ಏಕೆಂದರೆ ಮಾಂಸದ ಹಸಿ ರಸ ಅರ್ಧ ಬೆಂದ ತರಕಾರಿಯ ಮೇಲೆ ಬೀಳುತ್ತದೆ. ಆದರೆ ಒಂದೇ ಗುಮ್ಮಟದೊಳಗೆ ಕೋಳಿಯ ಕೊಬ್ಬು ಕೆಂಡಕ್ಕೆ ಬಿದ್ದು ಎದ್ದ ಹೊಗೆ ಮೇಲಿನ ಬದನೆಕಾಯಿಯನ್ನು ಹಾದೇ ಹೊರಗೆ ಹೋಗಬೇಕು. ಬೇರೆ ದಾರಿ ಅದಕ್ಕಿಲ್ಲ. ಅದರ ವಾಸನೆ, ಜಿಡ್ಡಿನ ತುಂತುರು ತರಕಾರಿಗೆ ಅಂಟುತ್ತವೆ. ನಿಮ್ಮ ಅತ್ತೆಯವರು ಅದನ್ನು ಒಪ್ಪುತ್ತಾರೆಯೇ ಎಂದು ಅವರನ್ನೇ ಕೇಳಿ; ಕೇಳದೆ ಬಡಿಸಬೇಡಿ. ನನ್ನ ಸಲಹೆ ಏನೆಂದರೆ, ಅವರಿಗೆಂದೇ ಒಂದು ಜಾಲರಿಯನ್ನು ಬೇರೆ ಇಟ್ಟು, ಒಲೆ ಹೊತ್ತಿಸಿದ ಕೂಡಲೇ ಅವರ ಅಡುಗೆಯನ್ನು ಮೊದಲು ಮುಗಿಸಿ ತೆಗೆದಿಟ್ಟು, ಆಮೇಲೆ ಮಾಂಸದ ಜಾಲರಿಗಳನ್ನು ಹಾಕಿ. ಬದನೆಕಾಯಿಯನ್ನು ಸುಡಲು ಕೆಳಗಿನ ಅಂತಸ್ತೇ ಒಳ್ಳೆಯದು, ಸಿಪ್ಪೆ ಕರಕಲಾಗದೆ ಭರ್ತಕ್ಕೆ ಆ ಹೊಗೆಯ ರುಚಿ ಬರುವುದಿಲ್ಲ. ಚಳಿಗಾಲದಲ್ಲಿ ನಿಮ್ಮ ಕಡೆ ಸಿಗುವ ಸೀತನಿಯ ತೆನೆಗಳನ್ನೂ ಮೇಲೆ ಇಡಬೇಡಿ. ಕೆಂಡದ ಹತ್ತಿರದ ಶಾಖವಿಲ್ಲದೆ ನಿಧಾನವಾಗಿ ಕಾದರೆ ಹಾಲುಗಾಳಿನ ಎಳೆತನ ಒಣಗಿ ಹೋಗುತ್ತದೆ.

ಮಾಪಕದ ಬಗ್ಗೆ: ಅದು ಗುಮ್ಮಟದೊಳಗೆ ತನ್ನ ಕಡ್ಡಿಯ ತುದಿ ಇರುವ ಜಾಗದ ಗಾಳಿಯ ಬಿಸಿಯನ್ನು ತೋರಿಸುತ್ತದೆ. ಹೀಗಾಗಿ ಅದು ಮೇಲಿನ ಜಾಲರಿಗೆ ಹತ್ತಿರ, ಕೆಳಗಿನದಕ್ಕೆ ದೂರ. ಕೆಂಡದ ಮೇಲೆ ನೇರವಾಗಿ ಬೇಯಿಸುವಾಗ ಕೆಳಗಿನ ಜಾಲರಿ ಮಾಪಕಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ನಡುವೆ ಶಾಖ ತಡೆಯುವ ಸೆರಾಮಿಕ್ ತಟ್ಟೆ ಇಟ್ಟಿದ್ದರೆ, ಮೊದಲ ಹೊತ್ತಿನಲ್ಲಿ ಕೆಳಗಿನದು ಮಾಪಕಕ್ಕಿಂತ ತಣ್ಣಗೇ ಇರುತ್ತದೆ. ಆ ತಟ್ಟೆಯ ಮೇಲೆ ಜಿಡ್ಡು ಹಿಡಿಯುವ ಬೋಗುಣಿ ಇಡುವುದಾದರೆ, ಅದರ ಅಡಿಗೆ ಮೂರು ಪುಟ್ಟ ಲೋಹದ ಗಟ್ಟಿಗಳನ್ನು ಕೊಟ್ಟು ಗಾಳಿ ಆಡುವಂತೆ ಮಾಡಿ, ಇಲ್ಲವಾದರೆ ಜಿಡ್ಡು ಸೀದು ಕಹಿ ಹೊಗೆ ಏಳುತ್ತದೆ. ಮಾಪಕವೇ ಸರಿಯಿದೆಯೇ ಎಂದು ತಿಳಿಯಲು ಅದನ್ನು ಬಿಚ್ಚಿ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನಿಮ್ಮಲ್ಲಿ ನೀರು 100ಕ್ಕೆ ಬದಲು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಮುಳ್ಳು ಅಲ್ಲಿ ನಿಂತರೆ ಮಾಪಕ ಸರಿಯಿದೆ, ಇಲ್ಲವಾದರೆ ಹಿಂಬದಿಯ ನಟ್ಟನ್ನು ತಿರುಗಿಸಿ ಹೊಂದಿಸಿಕೊಳ್ಳಿ.

ಪ್ರಶ್ನೆ: ಮೇಲಿನ ಜಾಲರಿಗಾಗಿ ದುಡ್ಡು ಖರ್ಚು ಮಾಡುವ ಬದಲು, ಕೆಟ್ಟುಹೋದ ಹಳೆಯ ಫ್ರಿಜ್ಜಿನ ಕಂಬಿ ತಟ್ಟೆಯನ್ನು ಎರಡು ಇಟ್ಟಿಗೆಗಳ ಮೇಲೆ ಇಟ್ಟು ಬಳಸಬಹುದೇ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಫ್ರಿಜ್ಜಿನ ತಟ್ಟೆಯನ್ನು ದಯವಿಟ್ಟು ಬಳಸಬೇಡಿ. ಹಳೆಯ ಫ್ರಿಜ್ಜುಗಳ ಕೆಲವು ಕಂಬಿ ತಟ್ಟೆಗಳಿಗೆ ಕ್ಯಾಡ್ಮಿಯಂ ಲೇಪನ ಮಾಡುತ್ತಿದ್ದರು. ಅದು ವಿಷಲೋಹ, 321 ಡಿಗ್ರಿಗೇ ಕರಗುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಅಪಾಯಕಾರಿ. ಯಾವ ಲೇಪನವಿದೆ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಪ್ಲಾಸ್ಟಿಕ್ ಹೊದಿಸಿದ ಹೊಸ ಬಗೆಯ ತಟ್ಟೆಗಳೂ ಅಷ್ಟೇ ಬೇಡ.

ಇಟ್ಟಿಗೆಯ ವಿಷಯ ಅಷ್ಟು ಕೆಟ್ಟದ್ದಲ್ಲ. ಮನೆ ಕಟ್ಟುವ ಇಟ್ಟಿಗೆ ನೀರು ಹೀರಿಕೊಂಡಿದ್ದರೆ ಒಮ್ಮೆಲೇ ಕಾದಾಗ ಒಳಗಿನ ಆವಿಗೆ ಸಿಡಿಯಬಹುದು, ಆದ್ದರಿಂದ ಕುಲುಮೆಗೆ ಬಳಸುವ ಬೆಂಕಿ ಇಟ್ಟಿಗೆಯನ್ನೇ ತನ್ನಿ ಮತ್ತು ಒಣಗಿದ ಜಾಗದಲ್ಲಿ ಇಡಿ. ಆದರೂ ಎರಡು ಇಟ್ಟಿಗೆಗಳು ಕೆಳಗಿನ ಜಾಲರಿಯ ಒಂದು ದೊಡ್ಡ ಪಾಲನ್ನೇ ನುಂಗುತ್ತವೆ, ಕಾಯಲು ಬಹಳ ಶಾಖ ಹೀರುತ್ತವೆ. ತಾತ್ಕಾಲಿಕವಾಗಿ ಎತ್ತರವನ್ನು ಪರೀಕ್ಷಿಸಿ ನೋಡಲು ಮಾತ್ರ ಅವು ಸಾಕು. ಖರ್ಚು ಉಳಿಸುವುದೇ ಉದ್ದೇಶವಾದರೆ, ಪಾತ್ರೆ ಅಂಗಡಿಯಿಂದ ಒಳ್ಳೆಯ ದರ್ಜೆಯ, ಲೇಪನವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯೊಂದನ್ನು ತಂದು, ಮೇಲೆ ಬೆಳಗಾವಿಯ ಓದುಗರಿಗೆ ಹೇಳಿದಂತೆ ನಾಲ್ಕು ಬೋಲ್ಟುಗಳನ್ನು ಹಾಕಿಕೊಳ್ಳಿ. ಜೋಡಿಸಿದ ಮೇಲೆ ಬಿಸಿನೀರು ಮತ್ತು ಸೋಪಿನಿಂದ ತೊಳೆದು ಕಾರ್ಖಾನೆಯ ಎಣ್ಣೆಯನ್ನು ತೆಗೆಯಿರಿ. ಮೊದಲ ಸಲ ಏನನ್ನೂ ಇಡದೆ 200 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಸ್ಟೀಲು ಹೊಂಬಣ್ಣಕ್ಕೋ ಕಂದು ಬಣ್ಣಕ್ಕೋ ತಿರುಗಿದರೆ ಗಾಬರಿಪಡಬೇಡಿ, ಅದರಿಂದ ಹಾನಿಯಿಲ್ಲ. ಪೂರ್ತಿ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಏಕೆಂದರೆ ಮೊದಲ ಬಿಸಿಗೆ ಅವು ಸಾಮಾನ್ಯವಾಗಿ ಸ್ವಲ್ಪ ಸಡಿಲವಾಗಿರುತ್ತವೆ.